ಕ್ರೀಡಾ ತರಬೇತಿಯೋ, ಮನೆಮಂದಿಯ ಓಡಾಟವೋ?

ತುಮಕೂರಿನಲ್ಲಿ ಮಕ್ಕಳನ್ನು ಚುರುಕಾಗಿ ಬೆಳೆಸಲು ಬಯಸುವವರು ಸಾಮಾನ್ಯವಾಗಿ ಈ ಎರಡರ ನಡುವೆಯೇ ತೂಗುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಸುವ ಚಟುವಟಿಕೆ ಬೇಕು. ವಾರದಲ್ಲಿ ಕನಿಷ್ಠ 3 ದಿನ ಸ್ನಾಯು, ಮೂಳೆಗಳನ್ನು ಬಲಪಡಿಸುವ ಆಟವೂ ಇರಬೇಕು. ವಾರಕ್ಕೆ ಎರಡೇ ದಿನ ನಡೆಯುವ ತರಬೇತಿಯಿಂದ ಈ ಲೆಕ್ಕ ತುಂಬುವುದಿಲ್ಲ. ಆದರೆ ಕೌಶಲ, ಶಿಸ್ತು, ಓರಗೆಯವರ ಸ್ಪರ್ಧೆ ಅಲ್ಲಿಯೇ ಚೆನ್ನ. ಈಜಿಗಂತೂ ಬಲ್ಲ ತರಬೇತುದಾರರೇ ಬೇಕು, ರಾಜಿ ಬೇಡ.

ಮನೆಮಂದಿಯ ದಾರಿಗೆ ಖರ್ಚು ಕಡಿಮೆ, ಬೇಕಾಗುವುದು ದೊಡ್ಡವರ ಸಮಯ. ಸಂಜೆ ಕುಂಟೆಬಿಲ್ಲೆ, ಹಗ್ಗದಾಟ; ಭಾನುವಾರ ಸಿದ್ಧಗಂಗೆಯ ಬೆಟ್ಟ, ಇಲ್ಲವೇ ಮಂದರಗಿರಿಯ ಮೆಟ್ಟಿಲು. ಅಪ್ಪ ಕೆಳಗೆ ಮೊಬೈಲ್ ಹಿಡಿದು ಕುಳಿತರೆ ಮಗುವೂ ಅಲ್ಲೇ ಕುಳಿತುಕೊಳ್ಳುತ್ತದೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ನನ್ನ ಮತ ಖಂಡಿತ ಈ ದಾರಿಗೇ.

ಎರಡರಲ್ಲಿ ಯಾವುದನ್ನು ಆರಿಸಿದರೂ ಊಟ ಮನೆಯದೇ ಇರಲಿ. ಡಬ್ಬಿಯ ಪೌಷ್ಟಿಕ ಪುಡಿ ಕೊಳ್ಳುವ ಮುನ್ನ ಹಿಂಬದಿಯಲ್ಲಿ ಸಕ್ಕರೆಯ ಪ್ರಮಾಣ ಓದಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪ್ರೋಟೀನ್ ಮಾತ್ರ ಕಡಿಮೆ, ಹಾಗಾಗಿ ಮುದ್ದೆಯ ಜೊತೆ ಹುರುಳಿ ಅಥವಾ ಅವರೆಕಾಳಿನ ಸಾರು ಬೇಕೇ ಬೇಕು. ತಿನ್ನುವವರಿಗೆ ಮೊಟ್ಟೆಯೂ ಆದೀತು.

ಮಗು ದೊಡ್ಡದಾಗಿ ಒಂದೇ ಆಟವನ್ನು ಹಟ ಹಿಡಿದು ಕೇಳುತ್ತಿದ್ದರೆ ತರಬೇತಿಗೆ ಸೇರಿಸಿ. ಶುಲ್ಕ ಕಟ್ಟುವ ಮುನ್ನ ಒಂದು ಸಂಜೆ ಮೈದಾನದಲ್ಲಿ ನಿಂತು, ಮಕ್ಕಳು ಎಷ್ಟು ಹೊತ್ತು ಓಡುತ್ತಾರೆ, ಎಷ್ಟು ಹೊತ್ತು ಸರದಿಗಾಗಿ ಕಾಯುತ್ತಾರೆ ಎಂಬುದನ್ನು ನೋಡಿಕೊಳ್ಳಿ.