ಫೆಂಟನಿಲ್ ಪ್ಯಾಚ್: ಅವ್ವನ ಮಾರ್ಫಿನ್ ಮಾತ್ರೆ ಬಿಟ್ಟು ಇದಕ್ಕೆ ಬಂದ ನಾಲ್ಕು ತಿಂಗಳು

ನಾನು ದಾವಣಗೆರೆ ಕೆ.ಟಿ.ಜೆ. ನಗರದಲ್ಲಿ ಟೈಲರಿಂಗ್ ಮಾಡುತ್ತೇನೆ. ಅವ್ವನಿಗೆ ಸ್ತನ ಕ್ಯಾನ್ಸರ್ ಆಗಿ ಬೆನ್ನುಮೂಳೆಗೆ ಹರಡಿದೆ. ಒಂದು ವರ್ಷ ನೋವಿಗೆ ಮಾರ್ಫಿನ್ ಮಾತ್ರೆ ನುಂಗಿದಳು. ಈಗ ನಾಲ್ಕು ತಿಂಗಳಿಂದ ಫೆಂಟನಿಲ್ ಪ್ಯಾಚ್, ಇದೂ ನೋವಿನ ಔಷಧಿಯೇ, ಆದರೆ ನುಂಗೋದಲ್ಲ, ಚರ್ಮಕ್ಕೆ ಅಂಟಿಸೋದು. ಔಷಧಿ ಬದಲಾಯಿಸುವಾಗ ಮನೆಯವರಿಗೆ ಏನೇನು ಗೊತ್ತಿರಬೇಕು ಅಂತ ನನಗೆ ಮೊದಲೇ ಯಾರೂ ಹೇಳಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಾರ್ಫಿನ್ ಮೇಲೆ ನನಗೆ ಸಿಟ್ಟಿಲ್ಲ. ಅದು ಬರುವ ಮುಂಚೆ ಅವ್ವ ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು, ಮಲಗೋಕೆ ಆಗುತ್ತಿರಲಿಲ್ಲ. ಬೆಳಿಗ್ಗೆ ಒಂದು, ರಾತ್ರಿ ಒಂದು, 30 ಮಿಲಿಗ್ರಾಂ ಮಾತ್ರೆ. ಹನ್ನೆರಡು ಗಂಟೆ ನಿಧಾನವಾಗಿ ಔಷಧಿ ಬಿಡುವ ಬಗೆಯದು. ಅದನ್ನು ಜಜ್ಜಬಾರದು, ಅಗಿಯಬಾರದು. ಹಾಗೆ ಮಾಡಿದರೆ ಅರ್ಧ ದಿನದ್ದು ಒಂದೇ ಸಲ ಮೈಗೆ ಇಳಿಯುತ್ತೆ.

ಕಿಡ್ನಿ ಸೋಲೋಕೆ ಶುರುವಾದ ಮೇಲೆ ತೊಂದರೆ ಬಂತು. ಕಾಫಿ ಲೋಟ ಹಿಡಿದ ಕೈ ಇದ್ದಕ್ಕಿದ್ದಂತೆ ಎಗರುತ್ತಿತ್ತು. ಎರಡು ಸಲ ಸೀರೆ ಮೇಲೆ ಬಿಸಿ ಕಾಫಿ ಚೆಲ್ಲಿಕೊಂಡಳು. ಆಮೇಲೆ ಒಂದು ಮಧ್ಯಾಹ್ನ "ಗ್ವಾಡಿ ಮ್ಯಾಲೆ ಇರುವಿ ಸಾಲು ಹೊಂಟೈತಿ, ಒರೆಸವ್ವ" ಅಂದಳು. ಅಲ್ಲಿ ಬರೀ ಸುಣ್ಣ. ಹತ್ತಿರದ ಒಂದು ನರ್ಸಿಂಗ್ ಹೋಂಗೆ ಕರೆದುಕೊಂಡು ಹೋದರೆ, "ವಯಸ್ಸಾಯ್ತಲ್ಲಮ್ಮ" ಅಂದು ನಿದ್ದೆ ಮಾತ್ರೆ ಬರೆದರು. ಅವ್ವ ಒಂದಿಡೀ ದಿನ ಏಳಲಿಲ್ಲ. ಆ ದಿನ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ. ಮಾರ್ಫಿನ್ ಚೀಟಿ ಅವರ ಟೇಬಲ್ ಮೇಲೇ ಇತ್ತು, ಯಾರೂ ತಿರುವಿ ನೋಡಲಿಲ್ಲ.

ನಂತರ ಹೋಗಿದ್ದು ಊರಿನ ಒಂದು ನೋವಿನ ಕ್ಲಿನಿಕ್ಕಿಗೆ. ಅಲ್ಲಿನ ಡಾಕ್ಟರ್ ಮೇಡಂ ಮೊದಲು ಕೇಳಿದ್ದೇ ಕಿಡ್ನಿ ರಿಪೋರ್ಟ್. ಮಾರ್ಫಿನ್ ಲಿವರ್‌ನಲ್ಲಿ ಒಡೆದು, ಉಳಿದದ್ದು ಕಿಡ್ನಿ ಮೂಲಕ ಹೊರಗೆ ಹೋಗಬೇಕು. ಕಿಡ್ನಿ ಸೋತರೆ ಅದು ಮೈಯಲ್ಲೇ ಕೂಡುತ್ತಾ ಹೋಗುತ್ತೆ. ಕೈ ಎಗರೋದು, ಇಲ್ಲದ ಇರುವೆ ಕಾಣೋದು, ವಿಪರೀತ ಮಂಪರು, ಎಲ್ಲ ಅದರಿಂದಲೇ. ಫೆಂಟನಿಲ್ ಹಾಗೆ ಕೂಡಿಕೊಳ್ಳೋದು ಕಮ್ಮಿ, ಸೋತ ಕಿಡ್ನಿ ಇರುವವರಿಗೆ ಮಾರ್ಫಿನ್‌ಗಿಂತ ವಾಸಿ ಅಂದರು. ಐದು ನಿಮಿಷದ ಮಾತು. ಅಷ್ಟು ಹೇಳೋರು ಸಿಕ್ಕಿದ್ದಕ್ಕೆ ನನಗೆ ಅಳು ಬಂತು.

ನಮ್ಮ ದೊಡ್ಡಮ್ಮ "ಪಟ್ಟಿ ಹಚ್ಯಾರ ಅಂದ್ರ ಮುಗೀತು ಅಂತ ಅರ್ಥ" ಅಂದಿದ್ದಳು. ಹಾಗೇನಿಲ್ಲ. ಇದು ಇನ್ನೊಂದು ದಾರಿ, ಅಷ್ಟೇ.

ಡಾಕ್ಟರ್ ಚೀಟಿಯ ಹಿಂದೆ ಲೆಕ್ಕ ಬರೆದು ತೋರಿಸಿದರು. ದಿನಕ್ಕೆ 60 ಮಿಲಿಗ್ರಾಂ ಮಾರ್ಫಿನ್ ನುಂಗುವವರಿಗೆ ಸುಮಾರಾಗಿ ಗಂಟೆಗೆ 25 ಮೈಕ್ರೋಗ್ರಾಂ ಬಿಡುವ ಪ್ಯಾಚ್. ಆದರೆ ಬರೆದಿದ್ದು 12ರದ್ದು. ಒಂದು ಔಷಧಿಗೆ ಒಗ್ಗಿದ ಮೈ ಇನ್ನೊಂದಕ್ಕೆ ಅಷ್ಟೇ ಒಗ್ಗಿರೋದಿಲ್ಲ, ಅದರ ಮೇಲೆ ಅವ್ವ ಆಗಲೇ ಮಂಪರಲ್ಲಿದ್ದಾಳೆ, ಹಾಗಾಗಿ ಕಮ್ಮಿಯಿಂದ ಶುರು ಮಾಡೋಣ ಅಂದರು. ಸಾಮಾನ್ಯವಾಗಿ ಕೊನೆಯ ಮಾತ್ರೆ ಕೊಟ್ಟ ಹೊತ್ತಿಗೇ ಪ್ಯಾಚ್ ಹಚ್ಚುತ್ತಾರಂತೆ, ಯಾಕೆಂದರೆ ಅದು ಕೆಲಸ ಶುರು ಮಾಡೋಕೆ ಹನ್ನೆರಡು ಗಂಟೆಯಾದರೂ ಬೇಕು. ಅವ್ವನ ಮೈಯಲ್ಲಿ ಹಳೇದೇ ಜಾಸ್ತಿ ಇದ್ದದ್ದರಿಂದ ರಾತ್ರಿ ಮಾತ್ರೆ ಬೇಡ ಅಂದರು. ಅದಕ್ಕೇ ಹೇಳುತ್ತೇನೆ, ಪಕ್ಕದ ಮನೆಯವರ ಲೆಕ್ಕ ನೋಡಿ ನಿಮ್ಮವರಿಗೆ ಹಚ್ಚಬೇಡಿ. ಮಾರ್ಫಿನ್ ಥರದ್ದು ಅಭ್ಯಾಸವೇ ಇಲ್ಲದವರಿಗೆ ಈ ಪ್ಯಾಚ್ ಪ್ರಾಣ ತೆಗೆಯಬಹುದು.

ಮೊದಲ ರಾತ್ರಿ ನಾನು ಮಲಗಲಿಲ್ಲ. ಎಬ್ಬಿಸಿದರೆ ಎಚ್ಚರ ಆಗುತ್ತಾಳಾ, ಉಸಿರು ನಿಮಿಷಕ್ಕೆ ಹತ್ತಕ್ಕಿಂತ ಕಮ್ಮಿ ಆಗುತ್ತಾ, ನೋಡುತ್ತಿರಿ ಅಂದಿದ್ದರು ನರ್ಸ್. ಕೈಗೆ ಸಿಕ್ಕಿದ್ದು ಅಳತೆ ಪುಸ್ತಕ. ಯಾರದ್ದೋ ಬ್ಲೌಸಿನ ಎದೆ 36, ತೋಳು 10 ಅಂತ ಬರೆದ ಹಾಳೆಯ ಕೆಳಗೆ ಅವ್ವನ ಉಸಿರು ಬರೆದೆ. ಹನ್ನೊಂದಕ್ಕೆ 14. ಒಂದಕ್ಕೆ 13. ಮೂರಕ್ಕೆ 15. ಬೆಳಿಗ್ಗೆ ಏಳಕ್ಕೆ ಕ್ಲಿನಿಕ್ಕಿನಿಂದ ಅವರೇ ಫೋನ್ ಮಾಡಿ ಕೇಳಿದರು. ಎರಡನೇ ದಿನ ನೋವು ಎದ್ದು ಕಷ್ಟಪಟ್ಟಳು. ಅವರಿಗೆ ಫೋನ್ ಮಾಡಿ, ಅವರು ಹೇಳಿದಷ್ಟೇ ಸಣ್ಣ ಮಾತ್ರೆ ಕೊಟ್ಟೆ. ಮೂರನೇ ದಿನಕ್ಕೆ ಕೈ ಎಗರೋದು ನಿಂತಿತ್ತು. ಎರಡು ಪ್ಯಾಚ್ ಆದ ಮೇಲೆ 25ಕ್ಕೆ ಏರಿಸಿದರು, ಈಗಲೂ ಅದೇ.

ಪ್ಯಾಚ್ ಬಗ್ಗೆ ಹೇಳಬೇಕೆಂದರೆ, ಚಿಕ್ಕದು, ತೆಳ್ಳಗಿನ ಪ್ಲಾಸ್ಟಿಕ್ ತುಂಡು. 72 ಗಂಟೆಗೊಂದು. ಸೋಮವಾರ ಹಚ್ಚಿದರೆ ಗುರುವಾರ, ಆಮೇಲೆ ಭಾನುವಾರ, ಆಮೇಲೆ ಬುಧವಾರ. ವಾರ ಜಾರುತ್ತಾ ಹೋಗುವುದರಿಂದ ಮರೆಯೋದು ಸುಲಭ. ನಾನು ಕ್ಯಾಲೆಂಡರಿನಲ್ಲಿ ತಿಂಗಳ ಹತ್ತು ದಿನಕ್ಕೂ ಮೊದಲೇ ಕೆಂಪು ಸುತ್ತು ಹಾಕುತ್ತೇನೆ. ಜಾಗ ಪ್ರತಿ ಸಲ ಬದಲಾಗಬೇಕು: ಈ ತೋಳು, ಆ ತೋಳು, ಎದೆಯ ಮೇಲ್ಭಾಗ. ಬರೀ ನೀರಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಅಂಗೈಯಿಂದ ಅರ್ಧ ನಿಮಿಷ ಒತ್ತಬೇಕು. ಕತ್ತರಿ ಹಾಕಬಾರದು. ಅವ್ವನ ಬ್ಲೌಸುಗಳ ತೋಳನ್ನೆಲ್ಲ ಬಿಚ್ಚಿ ಒಂದೂವರೆ ಇಂಚು ಸಡಿಲ ಮಾಡಿ ಹೊಲಿದೆ, ಉಜ್ಜದೇ ಇರಲಿ ಅಂತ.

ನಮ್ಮೂರಿನ ಬೇಸಿಗೆ ಇದಕ್ಕೆ ಆಗಿಬರೋದಿಲ್ಲ. ಬೆವರಿಗೆ ಮೂಲೆ ಏಳುತ್ತೆ, ಅಂಚಿಗೆ ಮಾತ್ರ ಟೇಪ್ ಹಾಕುತ್ತೇನೆ. ಅದಕ್ಕಿಂತ ದೊಡ್ಡ ವಿಷಯ ಶಾಖ. ಬಿಸಿನೀರಿನ ಚೀಲ ಇಟ್ಟರೆ, ಜ್ವರ ಬಂದರೆ, ಔಷಧಿ ಬೇಗಬೇಗ ಒಳಗೆ ಹೋಗುತ್ತೆ. ಅವ್ವನ ಬೆನ್ನಿಗೆ ದಿನಾ ಬಿಸಿನೀರಿನ ಚೀಲ ಇಡುತ್ತಿದ್ದೆ, ನಿಲ್ಲಿಸಿಬಿಟ್ಟೆ. ತೆಗೆದ ಪ್ಯಾಚಿನಲ್ಲೂ ಔಷಧಿ ಉಳಿದಿರುತ್ತೆ. ಅಂಟಿನ ಕಡೆ ಒಳಗೆ ಮಡಚಿ ಡಬ್ಬಿಗೆ ಹಾಕಿ ಕ್ಲಿನಿಕ್ಕಿಗೇ ವಾಪಸ್ ಕೊಡುತ್ತೇನೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇದನ್ನು ಹಗುರವಾಗಿ ತಗೊಳ್ಳಬೇಡಿ. ಮಲಬದ್ಧತೆ ಮಾರ್ಫಿನ್‌ಗಿಂತ ಕಮ್ಮಿ, ಆದರೂ ಮಲ ಸಡಿಲ ಮಾಡೋ ಔಷಧಿ ಬಿಟ್ಟಿಲ್ಲ.

ಬೇಸರದ ಸಂಗತಿ ಬೆಲೆ. ಮಾತ್ರೆಗಿಂತ ಎಷ್ಟೋ ಜಾಸ್ತಿ. ಮೆಡಿಕಲ್ ಶಾಪ್‌ಗಳಲ್ಲಿ ಕೇಳಿದರೆ ನಮ್ಮನ್ನೇ ಅನುಮಾನದಿಂದ ನೋಡುತ್ತಾರೆ. 1985ರ ಮಾದಕವಸ್ತು ಕಾನೂನಿಗೆ 2014ರಲ್ಲಿ ತಿದ್ದುಪಡಿ ಆಗಿ, ಮಾರ್ಫಿನ್, ಫೆಂಟನಿಲ್ ಸೇರಿ ಆರು ಔಷಧಿಗಳನ್ನು ಮಾನ್ಯತೆ ಪಡೆದ ಆಸ್ಪತ್ರೆಗಳು ಇಟ್ಟುಕೊಳ್ಳೋದು ಸುಲಭವಾಯಿತು. ಆದರೂ ಹಾಗೆ ಇಟ್ಟುಕೊಂಡಿರುವ ಜಾಗ ಹುಡುಕೋದೇ ಒಂದು ಕೆಲಸ. ಕ್ಲಿನಿಕ್ಕಿಗೆ ಲಿಫ್ಟ್ ಇಲ್ಲ, ಭಾನುವಾರ ಬಾಗಿಲು ಹಾಕಿರುತ್ತೆ. ಒಂದು ಸಲ ಹಬ್ಬದ ರಜೆ ಸೇರಿ ಕೈಯಲ್ಲಿ ಒಂದೇ ಪ್ಯಾಚ್ ಉಳಿದು ಎದೆ ಝಲ್ಲೆಂದಿತ್ತು. ಈಗ ಎರಡು ಇರುವಾಗಲೇ ಹೋಗಿ ತರುತ್ತೇನೆ.

ಹೋದ ಗುರುವಾರ ಪ್ಯಾಚ್ ಬದಲಾಯಿಸುವಾಗ ಅವ್ವ ತನ್ನ ಬ್ಲೌಸಿನ ತೋಳು ಎತ್ತಿ ಹಿಡಿದು ನೋಡಿದಳು. ನನಗೆ ಹೊಲಿಗೆ ಕಲಿಸಿದವಳೇ ಅವಳು. "ಇದು ಸೊಟ್ಟ ಹೊಲ್ದಿಯಲ್ಲವ್ವ, ಬಿಚ್ಚು" ಅಂದಳು. ಸಂಜೆಗೇ ಬಿಚ್ಚಿ ಹೊಲಿದುಕೊಟ್ಟೆ.