ಪಾಲಿವಾಚ್: ಗ್ಲಾಸಿಗೆ ಸರಿ, ಚಿನ್ನದ ಕೇಸಿಗೆ ಬೇಡ

ಹಳೆಯ ಕೈಗಡಿಯಾರಗಳ ಪ್ಲಾಸ್ಟಿಕ್ ಗ್ಲಾಸಿನ ಮೇಲೆ ಬಿದ್ದ ಗೀರುಗಳನ್ನು ತೆಗೆಯುವುದಕ್ಕೆಂದೇ ತಯಾರಾದ ಜರ್ಮನಿಯ ಪಾಲಿವಾಚ್ ಪಾಲಿಶನ್ನು ನಾನು ಎರಡು ಗಡಿಯಾರಗಳಿಗಾಗಿ ತರಿಸಿಕೊಂಡೆ. ಒಂದು ನಮ್ಮ ತಂದೆಯವರು ನಿವೃತ್ತರಾಗುವವರೆಗೂ ಕಟ್ಟುತ್ತಿದ್ದ ಎಚ್‌ಎಂಟಿ ಜನತಾ. ಇನ್ನೊಂದು ಸೋದರಮಾವ ಅಮೆರಿಕದಿಂದ ತಂದುಕೊಟ್ಟ ಎಲ್ಜಿನ್. ಐದು ಗ್ರಾಂನ ಟ್ಯೂಬ್ ನೋಡುವುದಕ್ಕೆ ತೀರಾ ಚಿಕ್ಕದಾದರೂ ಒಂದು ಗ್ಲಾಸಿಗೆ ಅವರೆಕಾಳಿನಷ್ಟು ಸಾಕಾಗುವುದರಿಂದ ಬಹಳ ಕಾಲ ಬಾಳುತ್ತದೆ.

ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಂದಿಗೆ ಗಡಿಯಾರ ತಯಾರಿಕೆ ಆರಂಭಿಸಿದ ಎಚ್‌ಎಂಟಿಯು ಜನತಾದಂಥ ಕೀಲಿ ಕೊಡುವ ಗಡಿಯಾರಗಳಿಗೆ ಕೂರಿಸುತ್ತಿದ್ದುದು ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕಿನ ಗ್ಲಾಸ್. ಅದು ಬಿದ್ದರೆ ಚೂರಾಗುವುದು ಕಡಿಮೆ, ಆದರೆ ಗೋಡೆಗೆ ತಾಗಿದರೂ ಗೀರು ಬೀಳುತ್ತದೆ. ಉಗುರಿನಿಂದ ತಟ್ಟಿದಾಗ ಟಿಣ್ ಎನ್ನದೆ ಮಂದವಾದ ಸದ್ದು ಬಂದರೆ ಅದು ಅಕ್ರಿಲಿಕ್ ಎಂದು ತಿಳಿಯಬಹುದು. ನಿಜವಾದ ಗಾಜಿಗೆ ಈ ಟ್ಯೂಬು ನಾಟುವುದಿಲ್ಲ.

ಗ್ಲಾಸಿನ ಸುತ್ತಲಿನ ಲೋಹದ ಅಂಚಿಗೆ ಟೇಪ್ ಅಂಟಿಸಿ, ಹಳೆಯ ಹತ್ತಿ ಬನಿಯನ್ನಿನ ಚೂರಿನಿಂದ ಗೀರಿಗೆ ಅಡ್ಡಲಾಗಿ ಮೂರು ನಿಮಿಷ ಉಜ್ಜಿದೆ. ಮೊದಲ ನಿಮಿಷದಲ್ಲಿ ಗ್ಲಾಸ್ ಇನ್ನಷ್ಟು ಮಬ್ಬಾದಂತೆ ಕಂಡು ಮನಸ್ಸು ಹಿಂಜರಿಯಿತು. ಎರಡನೆಯ ಸಲ ಹಚ್ಚಿ ಒರೆಸಿದ ಮೇಲೆ, ಇಷ್ಟು ವರ್ಷ ಮಂಜಿನ ಹಿಂದೆ ಇದ್ದಂತಿದ್ದ ನಿಮಿಷದ ಗೆರೆಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾದವು. ಪಾಲಿಶ್ ಗೀರನ್ನು ತುಂಬುವುದಿಲ್ಲ, ಅದರ ಸುತ್ತಲಿನ ಮೈಯನ್ನು ಗೀರಿನ ಆಳಕ್ಕೆ ಸವೆಸುತ್ತದೆ. ಆದ್ದರಿಂದ ಉಗುರು ಸಿಕ್ಕಿಕೊಳ್ಳುವಷ್ಟು ಆಳವಾದ ಗೀರಿಗೆ ಮೊದಲು ನೀರು ಹಚ್ಚಿದ 1000, ಆಮೇಲೆ 2000 ನಂಬರಿನ ಉಪ್ಪುಕಾಗದ ಬೇಕಾಗುತ್ತದೆ. ಬಿರುಕು ಬಿಟ್ಟ ಗ್ಲಾಸಿಗೆ ಯಾವ ಪಾಲಿಶೂ ಮದ್ದಲ್ಲ, ಬದಲಾಯಿಸುವುದೇ ಸರಿ. ಅಂಚಿನ ಸಂದಿಯಲ್ಲಿ ಬಿಳಿಯ ಪುಡಿ ಕೂರುತ್ತದೆ. ಹಲ್ಲುಕಡ್ಡಿಯಿಂದ ಅದನ್ನು ತೆಗೆಯುವ ತಾಳ್ಮೆ ಇರಬೇಕು.

ಎಲ್ಜಿನ್ನಿನ ಗ್ಲಾಸೂ ಇದೇ ರೀತಿ ತಿಳಿಯಾಯಿತು. ಗ್ಲಾಸ್ ಹೊಳೆದ ಮೇಲೆ ಮಂಕಾದ ಕೇಸನ್ನೂ, ಅಂದರೆ ಗಡಿಯಾರದ ಲೋಹದ ಹೊರಕವಚವನ್ನೂ, ಅದೇ ಬಟ್ಟೆಯಿಂದ ಉಜ್ಜೋಣವೆನ್ನಿಸುವುದು ಸಹಜ. ದಯವಿಟ್ಟು ಹಾಗೆ ಮಾಡಬೇಡಿ. ಈ ಕೇಸಿನ ಹಿಂಬದಿಯ ಮುಚ್ಚಳದ ಒಳಗೆ 10 ಕ್ಯಾರೆಟ್ ಗೋಲ್ಡ್ ಫಿಲ್ಡ್ ಎಂಬ ಮುದ್ರೆ ಇದೆ. ಹೆಸರಿನಲ್ಲಿ ಚಿನ್ನ ತುಂಬಿದ್ದು ಎಂದಿದ್ದರೂ ಒಳಗಿರುವುದು ಹಿತ್ತಾಳೆ. ಅದರ ಮೇಲೆ ಚಿನ್ನದ ತಗಡನ್ನು ಶಾಖ ಮತ್ತು ಒತ್ತಡದಿಂದ ಬೆಸೆದಿರುತ್ತಾರೆ. ಇಂಥ ಕೇಸುಗಳಲ್ಲಿ 1/20 ಎಂಬ ಗುರುತು ಇದ್ದರೆ, ಒಟ್ಟು ತೂಕದ ಇಪ್ಪತ್ತನೆಯ ಒಂದು ಪಾಲು 10 ಕ್ಯಾರೆಟ್ ಚಿನ್ನವೆಂದು ಅರ್ಥ. 10 ಕ್ಯಾರೆಟ್ ಎಂದರೆ 24ರಲ್ಲಿ 10 ಪಾಲು. ಲೆಕ್ಕ ಹಾಕಿದರೆ ಅಪ್ಪಟ ಚಿನ್ನ ತೂಕದ 48ರಲ್ಲಿ ಒಂದು ಪಾಲು ಮಾತ್ರ. ವಿದ್ಯುತ್ತಿನಿಂದ ಲೇಪಿಸಿದ ಚಿನ್ನಕ್ಕಿಂತ ಇದು ಎಷ್ಟೋ ದಪ್ಪ, ನಿಜ. ಆದರೆ ಸವೆದದ್ದು ಮರಳಿ ಬರುವುದಿಲ್ಲ.

ಇದನ್ನು ನಾನು ನಷ್ಟ ಅನುಭವಿಸಿ ಕಲಿತೆ. ಪಾಲಿವಾಚ್ ತರಿಸುವ ಮೊದಲೇ ಈ ಎಲ್ಜಿನ್ನನ್ನು ಒಂದು ರಿಪೇರಿ ಅಂಗಡಿಗೆ ಕೊಟ್ಟಿದ್ದೆ. ಕೀಲಿ ಕೊಡಲು ತಡೆಯುತ್ತಿದೆ ಎಂದಷ್ಟೇ ಹೇಳಿದ್ದೆ. ಅವರು ಕೇಳದೆಯೇ ಕೇಸನ್ನು ಹೊಳಪು ಕೊಡಲು ತಿರುಗುವ ಬಫಿಂಗ್ ಚಕ್ರಕ್ಕೆ ಹಿಡಿದಿದ್ದರು. ಪಟ್ಟಿ ಸಿಕ್ಕಿಸುವ ನಾಲ್ಕು ಲಗ್‌ಗಳ ಚೂಪಾದ ಅಂಚುಗಳು ಸಾಬೂನಿನ ಬಿಲ್ಲೆಯಂತೆ ಉರುಟಾಗಿದ್ದವು, ಎರಡರ ತುದಿಯಲ್ಲಿ ಚಿನ್ನ ಪೂರ್ತಿ ಹೋಗಿ ಕೆಳಗಿನ ಹಿತ್ತಾಳೆ ಕಾಣುತ್ತಿತ್ತು. ಮೇಲೆ ಹೊಸದಾಗಿ ಚಿನ್ನದ ನೀರು ಕೊಡಿಸಬಹುದಾದರೂ ಹೋದ ಅಂಚು ಅದರಿಂದ ಬರುವುದಿಲ್ಲ. ಆದ್ದರಿಂದ ಕೇಸನ್ನು ಈಗ ಸ್ವಲ್ಪವೇ ತೇವ ಮಾಡಿದ ಮೃದು ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಬೆವರಿನ ಪಸೆ ತೆಗೆದು ಇಡುತ್ತೇನೆ; ಬಿಚ್ಚಿ ಯಂತ್ರ ಹೊರತೆಗೆದಾಗ ಮಾತ್ರ ಸಾಬೂನು ನೀರು, ಮೆತ್ತನೆಯ ಬ್ರಶ್.

ಅಕ್ರಿಲಿಕ್ ಗ್ಲಾಸಿಗೆ ಪಾಲಿವಾಚನ್ನು ನಾನು ಸಂಶಯವಿಲ್ಲದೆ ಶಿಫಾರಸು ಮಾಡುತ್ತೇನೆ. ಜನತಾದ ನಾಲ್ಕು ಗಂಟೆಯ ಬಳಿಯ ಒಂದು ಆಳವಾದ ಗೀರನ್ನು ಮಾತ್ರ ಉಜ್ಜದೆ ಬಿಟ್ಟಿದ್ದೇನೆ. ಅದು ತಂದೆಯವರು ಸೈಕಲ್ಲಿನಿಂದ ಬಿದ್ದ ದಿನದ್ದು.