ಸ್ವಂತ ಸಹಿಯೋ, ಮನೆಯವರ ಅರ್ಜಿಯೋ? ಮಾನಸಿಕ ಆಸ್ಪತ್ರೆಗೆ ಸೇರುವ ಮುನ್ನ

2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ದೊಡ್ಡವರು ದಾಖಲಾಗಲು ಮುಖ್ಯವಾಗಿ ಎರಡು ದಾರಿಗಳಿವೆ. ನಿಮಗೇ ಅರ್ಥ ಮಾಡಿಕೊಂಡು ತೀರ್ಮಾನಿಸುವ ಶಕ್ತಿ ಇದ್ದರೆ ಸ್ವಂತ ಸಹಿ ಹಾಕಿ ಸೇರಬಹುದು. ಆಗ ನಿಮ್ಮ ಒಪ್ಪಿಗೆ ಇಲ್ಲದೆ ಚಿಕಿತ್ಸೆ ಕೊಡುವ ಹಾಗಿಲ್ಲ. ಬಿಡುಗಡೆ ಕೇಳಿದರೆ ಕಳಿಸಬೇಕು. ತೀರಾ ಅಪಾಯ ಕಂಡರೆ ಮಾತ್ರ, ಪರೀಕ್ಷೆಗಾಗಿ 24 ಗಂಟೆ ತಡೆಯಬಹುದು.

ಎರಡನೆಯದು ಮನೆಯವರೋ ಸ್ನೇಹಿತರೋ, ಅಂದರೆ ನಿಮ್ಮ ಪ್ರತಿನಿಧಿ, ಅರ್ಜಿ ಕೊಟ್ಟು ಸೇರಿಸುವುದು. ಇದು ಸುಮ್ನೆ ಆಗುವುದಿಲ್ಲ. ಒಬ್ಬ ಮನೋವೈದ್ಯರೂ ಸೇರಿದಂತೆ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಮೊದಲ ಮಿತಿ 30 ದಿನ. ದಾಖಲಾತಿಯ ಸುದ್ದಿ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ, ಅಂದರೆ ಇಂಥ ದಾಖಲಾತಿಗಳನ್ನು ಪರಿಶೀಲಿಸುವ ಮಂಡಳಿಗೆ, 7 ದಿನದೊಳಗೆ ಹೋಗಬೇಕು. ಮಹಿಳೆಯರಾದರೆ 3 ದಿನದೊಳಗೆ. ದಾಖಲಾತಿ ತಪ್ಪು ಅನ್ನಿಸಿದರೆ ಆ ಮಂಡಳಿಗೆ ನೀವೇ ಅರ್ಜಿ ಹಾಕಬಹುದು.

ನನ್ನ ಮಾತು ಕೇಳಿದರೆ, ಸಾಧ್ಯವಾದಷ್ಟೂ ಮೊದಲನೆಯದೇ ಒಳ್ಳೆಯದು. ಬೀಗ ನಿಮ್ಮ ಕೈಯಲ್ಲೇ ಇರುತ್ತದೆ, ಅಲ್ವಾ? ಆದರೆ ಕಾಯಿಲೆ ಜೋರಾದಾಗ ಎರಡನೆಯದು ಬೇಕಾಗಬಹುದು. ಅದಕ್ಕೇ ಆರೋಗ್ಯವಾಗಿರುವಾಗಲೇ ಒಂದು ಬಿಳಿ ಹಾಳೆಯಲ್ಲಿ ಪ್ರತಿನಿಧಿಯ ಹೆಸರು ಬರೆದು ಸಹಿ ಮಾಡಿಡಿ. ಇಲ್ಲದಿದ್ದರೆ ಆ ಜಾಗಕ್ಕೆ ಹೆಚ್ಚಾಗಿ ಬರುವವರು ಸಂಬಂಧಿಕರು. ಎಲ್ಲರ ಮನೆಯಲ್ಲೂ ಅದು ಸರಿಹೋಗುವುದಿಲ್ಲ.

ಯಾವ ದಾರಿಯಲ್ಲಿ ಬಂದರೂ ಸರಪಳಿ ಹಾಕುವಂತಿಲ್ಲ, ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ಅರಿವಳಿಕೆ ಇಲ್ಲದೆ ಕರೆಂಟ್ ಶಾಕ್ ಕೊಡುವಂತಿಲ್ಲ.